ಮೂರನೇ ಸಾಲಿನಲ್ಲಿ ನೂರು ರೂಪಾಯಿಯ ಸೀಟು

ಮುಂಬಯಿ ಮತ್ತು ಸುತ್ತಲಿನ ಮಹಾನಗರಪಾಲಿಕೆಗಳ ಮಾನ್ಯ ಆಯುಕ್ತರಿಗೆ ಹಾಗೂ ಪಾಲಿಕೆಯ ನಾಟ್ಯಗೃಹಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ,

ನಮಸ್ಕಾರ. ನಾಟಕದ ಟಿಕೆಟ್ ಅಗ್ಗವಾಗಲು ನಾಟ್ಯಗೃಹದ ಬಾಡಿಗೆಯಲ್ಲಿ ನೀವು ಏನು ಮಾಡಬಹುದು ಎಂದು ಹೇಳಲು ಈ ಪತ್ರ. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗಳಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇಲ್ಲಿರುವ ಹೆಚ್ಚಿನ ಮಾತು ನಿಮಗೆ. ಸ್ವಲ್ಪ ನಮ್ಮ ಕನ್ನಡ ಸಂಘಗಳಿಗೆ. ನಿಮಗೆ ಹೇಳಿದ್ದನ್ನು ಅವರೂ, ಅವರಿಗೆ ಹೇಳಿದ್ದನ್ನು ನೀವೂ ಓದಬೇಕು ಎಂದು ನನ್ನ ಆಸೆ.

ನನ್ನ ಊರು ಕುಂದಾಪುರದ ಹತ್ತಿರ. 1983ರಲ್ಲಿ ಮುಂಬಯಿಗೆ ಬಂದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನಾಟಕಕ್ಕೆ ಬಣ್ಣ ಹಚ್ಚಿದ್ದೇ ಹಚ್ಚಿದ್ದು, ಆ ಹುಚ್ಚು ಬಿಡಲಿಲ್ಲ. ಆಮೇಲೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಡೊಂಬಿವಲಿಯಲ್ಲಿ ಮನೆಯಾಯಿತು, ಈಗ ನಿವೃತ್ತಿಯೂ ಆಯಿತು. ನಾಟಕ ಮಾತ್ರ ನಡೆದೇ ಇದೆ. ಗೆಳೆಯರೆಲ್ಲ ಸೇರಿ ನಡೆಸುವ ನಮ್ಮ ಹವ್ಯಾಸಿ ತಂಡದ ಲೆಕ್ಕಪತ್ರ ನೋಡುವವನು ನಾನು. ಟಿಕೆಟ್ ಎಷ್ಟಿಡಬೇಕು ಎಂಬ ಸಂಕಟ ಪ್ರತಿ ಸಲವೂ ನನ್ನ ತಲೆಗೇ ಬರುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಪಾಲಿಕೆಯ ನಾಟ್ಯಗೃಹದಲ್ಲಿ ನಮ್ಮ ನಾಟಕ ಇತ್ತು. ಯಾವುದು ಎಂದು ಬರೆಯುವುದಿಲ್ಲ. ಅಲ್ಲಿ ಆದದ್ದು ಬೇರೆ ಕಡೆಯೂ ಆಗಬಹುದಾದದ್ದೇ. ಭಾನುವಾರ ರಾತ್ರಿಯ ಆಟ. ಮುಂದಿನ ಸಾಲುಗಳಿಗೆ 400, ಹಿಂದಕ್ಕೆ 300, ಬಾಲ್ಕನಿಗೆ 150 ರೂಪಾಯಿ ಇಟ್ಟಿದ್ದೆವು. ಮೊದಲ ಬೆಲ್ ಆಗುವ ಹೊತ್ತಿಗೆ ನಾನು ಬುಕಿಂಗ್ ಕಿಟಕಿಯ ಪಕ್ಕ ನಿಂತಿದ್ದೆ. ನಮ್ಮ ಊರ ಕಡೆಯವರೇ ಒಬ್ಬರು ಬಂದರು. ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಅವತ್ತು ರಜೆ ಹಾಕಿ ಬಂದಿದ್ದರು. ಜೊತೆಗೆ ಹೆಂಡತಿ, ವಯಸ್ಸಾದ ತಾಯಿ, ಇಬ್ಬರು ಮಕ್ಕಳು. ಐದು ಬಾಲ್ಕನಿ ಟಿಕೆಟ್ ಕೇಳಿದರು. ಬಾಲ್ಕನಿ ಬಂದ್ ಎಂದರು ಕಿಟಕಿಯವರು. ಕೆಳಗೇ ಇಷ್ಟು ಸೀಟು ಖಾಲಿ ಇರುವಾಗ ಬಾಲ್ಕನಿ ತೆರೆಯುವುದಿಲ್ಲವಂತೆ. ಹಾಗಾದರೆ ಉಳಿದದ್ದು 300ರದ್ದು. ಐದು ಜನಕ್ಕೆ 1,500.

ಅವರು ಏನೂ ವಾದ ಮಾಡಲಿಲ್ಲ. ನನ್ನನ್ನು ನೋಡಿ, "ಅಡ್ಡಿಲ್ಲ ಅಣ್ಣಾ, ಇನ್ನೊಮ್ಮೆ ಬರ್ತೇವೆ" ಅಂದರು. ಮಕ್ಕಳು ನಾಟಕದ ಪೋಸ್ಟರಿನಲ್ಲಿದ್ದ ರಾಕ್ಷಸನ ಮುಖ ನೋಡುತ್ತ ನಿಂತಿದ್ದವು. ನಾನು ಒಳಗೆ ಓಡಿದೆ. ಖಾಲಿ ಇರುವ ಸೀಟನ್ನೇ 150ಕ್ಕೆ ಕೊಡಿ, ನಮ್ಮದೇ ನಾಟಕ, ನಷ್ಟ ಆದರೆ ನಮಗೆ ತಾನೇ ಎಂದೆ. ದರಪಟ್ಟಿ ಮೊದಲೇ ಮಂಜೂರಾಗಿದೆ, ಈಗ ಬದಲಿಸುವಂತಿಲ್ಲ ಎಂದರು ನಾಟ್ಯಗೃಹದವರು. ನಾನು ವಾಪಸು ಬರುವಷ್ಟರಲ್ಲಿ ಆ ಮನೆಯವರು ಸ್ಟೇಷನ್ ಕಡೆ ಹೋಗಿಯಾಗಿತ್ತು.

ಆಮೇಲೆ ಪರದೆ ಎದ್ದಿತು. ನಾನು ರಂಗದ ಪಕ್ಕದಿಂದ ನೋಡಿದೆ. ಮುಂದಿನ ಎರಡು ಸಾಲು ಅತಿಥಿಗಳಿಗೆ ಕಾಯ್ದಿರಿಸಿದ್ದು. ಅದರಲ್ಲಿ 22 ಸೀಟು ಕೊನೆಯವರೆಗೂ ಖಾಲಿ ಇದ್ದವು. ಹಿಂದೆ ಅರ್ಧ ಹಾಲ್ ಖಾಲಿ. ಮೇಲೆ ಬಾಲ್ಕನಿ ಪೂರ್ತಿ ಕತ್ತಲೆ. ಇಷ್ಟೆಲ್ಲ ಜಾಗ ಇದ್ದೂ ಐದು ಜನ ಹೊರಗಿನಿಂದಲೇ ತಿರುಗಿ ಹೋದರಲ್ಲ, ಅದು ನನಗೆ ಈಗಲೂ ನುಂಗಲಾಗುತ್ತಿಲ್ಲ. ದರ ಇಟ್ಟವರು ನಾವೇ. ಆ ತಪ್ಪಿನಲ್ಲಿ ನಮ್ಮ ಪಾಲು ದೊಡ್ಡದು. ಆದರೆ ಆ ದರವನ್ನು ನಾವು ಯಾಕೆ ಇಟ್ಟೆವು ಎಂಬುದನ್ನು ನೀವು ಕೇಳಬೇಕು.

ಒಂದು ಆಟಕ್ಕೆ ನಾಟ್ಯಗೃಹದ ಬಾಡಿಗೆ, ಡಿಪಾಸಿಟ್, ಲೈಟು, ಮೈಕು, ಸೆಟ್ ತರುವ ಟೆಂಪೋ, ರಂಗದ ಹಿಂದಿನ ಕೆಲಸದವರು, ಮೇಕಪ್, ವೇಷಭೂಷಣ, ಜಾಹೀರಾತು. ನಮ್ಮ ನಟರಿಗೆ ನಾವು ಸಂಬಳ ಕೊಡುವುದಿಲ್ಲ, ಆದರೂ ಇಷ್ಟಾಗುತ್ತದೆ. ಇದರಲ್ಲಿ ಬಾಡಿಗೆ ಮಾತ್ರ ನಿಮ್ಮ ಕೈಯಲ್ಲಿರುವುದು. ಬಾಡಿಗೆ ಕಟ್ಟುವಾಗ ಹಾಲ್ ತುಂಬುತ್ತದೆಯೋ ಇಲ್ಲವೋ ನಮಗೆ ಗೊತ್ತಿರುವುದಿಲ್ಲ. ಹೆದರಿದವನು ದರ ಜಾಸ್ತಿ ಇಡುತ್ತಾನೆ. ಕಡಿಮೆ ಜನ ಬಂದರೂ ಕೈಸುಡದಿರಲಿ ಎಂದು. ಜಾಸ್ತಿ ದರ ನೋಡಿ ಜನ ಇನ್ನೂ ಕಡಿಮೆ ಬರುತ್ತಾರೆ. ಮುಂದಿನ ನಾಟಕಕ್ಕೆ ಹೆದರಿಕೆ ಇನ್ನಷ್ಟು.

ನಾಟಕದ ಖರ್ಚು ವರ್ಷ ವರ್ಷ ಏರುವುದಕ್ಕೂ ಕಾರಣ ಇದೆ. ನಮ್ಮ ಹೋಟೆಲಿನ ಹಳಬರು ಹೇಳುತ್ತಿದ್ದರು, ಮೊದಲು ಒರಳಿನಲ್ಲಿ ನಾಲ್ಕು ಜನ ಕೂತು ಹಿಟ್ಟು ರುಬ್ಬುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಗ್ರೈಂಡರ್ ಬಂದಿತ್ತು, ಒಬ್ಬನೇ ಸಾಕಾಗಿತ್ತು. ನಾಟಕಕ್ಕೆ ಅಂಥ ಗ್ರೈಂಡರ್ ಬರುವುದಿಲ್ಲ. ನೂರು ವರ್ಷದ ಹಿಂದೆ ಐದು ಪಾತ್ರ, ಎರಡು ಗಂಟೆ ಬೇಕಾಗಿದ್ದ ನಾಟಕಕ್ಕೆ ಇವತ್ತೂ ಐದು ಪಾತ್ರ, ಎರಡು ಗಂಟೆ ಬೇಕು. ಉಳಿದ ಕಡೆ ಕೂಲಿ ಏರಿದ ಹಾಗೆ ಇಲ್ಲಿಯೂ ಏರುತ್ತದೆ, ಆದರೆ ಕೆಲಸ ಬೇಗ ಮುಗಿಯುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಇದನ್ನೇ ವಿವರವಾಗಿ ತೋರಿಸಿದರು. ಬರೀ ಟಿಕೆಟ್ಟಿನಿಂದ ರಂಗಭೂಮಿ ನಡೆಯಬೇಕು ಎಂದರೆ ಟಿಕೆಟ್ ಏರುತ್ತಲೇ ಇರಬೇಕಾಗುತ್ತದೆ. ಅದಕ್ಕೇ ಲೋಕದ ಎಷ್ಟೋ ಊರುಗಳಲ್ಲಿ ಜನರ ಹಣ ನಾಟಕಕ್ಕೆ ಹೋಗುತ್ತದೆ.

ನಮ್ಮ ಕರಾವಳಿಯವರಿಗೆ ಈ ಮಾತು ಹೊಸದೇನಲ್ಲ. ಯಕ್ಷಗಾನದಲ್ಲಿ ಎರಡು ಬಗೆಯ ಮೇಳಗಳನ್ನು ನಾವು ನೋಡಿ ಬೆಳೆದವರು. ಒಂದು ಹರಕೆಯ ಬಯಲಾಟದ ಮೇಳ. ಆಟದ ಖರ್ಚನ್ನು ಹರಕೆ ಹೊತ್ತ ಮನೆಯವರು ಕೊಡುತ್ತಾರೆ. ಊರಿಗೆ ಊರೇ ಬಂದು ಕೂತು ನೋಡುತ್ತದೆ. ಕಟೀಲು, ಮಂದಾರ್ತಿಯ ಮೇಳಗಳ ಆಟಕ್ಕೆ ಇವತ್ತಿಗೂ ವರ್ಷಗಟ್ಟಲೆ ಮೊದಲು ಹೆಸರು ಬರೆಸಿ ಕಾಯುವವರಿದ್ದಾರೆ. ಇನ್ನೊಂದು ಡೇರೆ ಮೇಳ. ಗದ್ದೆಯಲ್ಲಿ ಟೆಂಟು ಹಾಕಿ, ಟಿಕೆಟ್ ಇಟ್ಟು ಆಡುವುದು. ಅಲ್ಲಿ ಆರಾಮ ಕುರ್ಚಿಗೆ ಒಂದು ದರ, ಕುರ್ಚಿಗೆ ಒಂದು ದರ, ನೆಲಕ್ಕೆ ಒಂದು ದರ. ಬಯಲುಸೀಮೆಯ ಕಂಪನಿ ನಾಟಕದಲ್ಲೂ ನೆಲ, ಬೆಂಚು, ಕುರ್ಚಿ ಎಂಬ ಇದೇ ಲೆಕ್ಕ ಇತ್ತು. ಚಿಕ್ಕವನಿದ್ದಾಗ ನಾನು ಕೂತದ್ದು ಯಾವಾಗಲೂ ನೆಲದಲ್ಲಿ. ನಾವು ಕೂರುತ್ತಿದ್ದ ನೆಲ ರಂಗಸ್ಥಳದ ಮಗ್ಗುಲಲ್ಲೇ ಇತ್ತು. ಬಣ್ಣದ ವೇಷ ಅಬ್ಬರಿಸಿದರೆ ಗೆಜ್ಜೆಯ ಧೂಳು ನಮ್ಮ ಮೇಲೆ ಬೀಳುತ್ತಿತ್ತು. ಕಡಿಮೆ ದುಡ್ಡು ಕೊಟ್ಟವನಿಗೆ ಆಟ ಕಡಿಮೆ ಕಾಣುತ್ತಿರಲಿಲ್ಲ.

ಈಗ ಪಾಲಿಕೆಯ ನಾಟ್ಯಗೃಹಕ್ಕೆ ಬನ್ನಿ. ಮುಲುಂಡಿನ ಕಾಳಿದಾಸ, ವಿಲೇಪಾರ್ಲೆಯ ದೀನಾನಾಥ ಮಂಗೇಶ್ಕರ್, ಬೊರಿವಲಿಯ ಪ್ರಬೋಧನಕಾರ್ ಠಾಕ್ರೆ, ಠಾಣೆಯ ಗಡ್ಕರಿ ರಂಗಾಯತನ, ನಮ್ಮ ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ, ವಾಶಿಯ ವಿಷ್ಣುದಾಸ್ ಭಾವೆ. ಇವೆಲ್ಲ ಜನರ ತೆರಿಗೆಯಿಂದ ನಡೆಯುವ ಕಟ್ಟಡಗಳು. ದೋಸೆ ಹುಯ್ಯುವವರೂ ಇದಕ್ಕೆ ಕೊಟ್ಟಿದ್ದಾರೆ. ಮನೆಬಾಡಿಗೆಯಲ್ಲಿ, ಕೊಂಡ ಸೋಪಿನಲ್ಲಿ ಕೊಟ್ಟಿದ್ದಾರೆ. ಅಂದರೆ ಹರಕೆಯ ದುಡ್ಡನ್ನು ಇಡೀ ಊರು ಕಟ್ಟಿಯಾಗಿದೆ. ಆದರೆ ಆಟದ ದಿನ ಬಾಗಿಲಲ್ಲಿ ಡೇರೆ ಮೇಳದ ಟಿಕೆಟ್ ಕೇಳುತ್ತಿದ್ದೇವೆ. ಅದೂ ನೆಲದ ಟಿಕೆಟ್ ತೆಗೆದುಹಾಕಿ.

ನನ್ನ ಕೋರಿಕೆ ಇಷ್ಟೇ: ಬಾಡಿಗೆಯನ್ನು ಟಿಕೆಟ್ಟಿಗೆ ಕಟ್ಟಿ. ಕಟ್ಟುವಾಗ ಅತಿ ದುಬಾರಿ ಟಿಕೆಟ್ ಎಷ್ಟು ಎಂದು ನೋಡಬೇಡಿ. ಅತಿ ಅಗ್ಗದ ಟಿಕೆಟ್ ಎಷ್ಟು, ಅಂಥವು ಎಷ್ಟಿವೆ, ಹಾಲಿನಲ್ಲಿ ಎಲ್ಲಿವೆ ಎಂದು ನೋಡಿ. ಐದರಲ್ಲಿ ಒಂದು ಸೀಟನ್ನು 100 ರೂಪಾಯಿಗೆ ಇಡುವ ತಂಡಕ್ಕೆ ಬಾಡಿಗೆಯಲ್ಲಿ ದೊಡ್ಡ ಪಾಲು ಬಿಡಿ. ಷರತ್ತು ಒಂದೇ. ಆ ಸೀಟುಗಳು ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ, ಬಂದ್ ಮಾಡಬಹುದಾದ ಬಾಲ್ಕನಿಯಲ್ಲಿ ಇರಬಾರದು. ಮೂರನೇ ಸಾಲಿನಲ್ಲೂ ಇರಬೇಕು, ಹತ್ತನೇ ಸಾಲಿನಲ್ಲೂ ಇರಬೇಕು.

ಯಾಕೆ ಮೂರನೇ ಸಾಲು ಎಂದು ಕೇಳಬಹುದು. ಸಿನಿಮಾದಲ್ಲಿ ಹಿಂದೆ ಕೂತವನಿಗೂ ನಟನ ಕಣ್ಣು ದೊಡ್ಡದಾಗಿ ಕಾಣುತ್ತದೆ. ನಾಟಕದಲ್ಲಿ ಹಾಗಲ್ಲ. ಹಿಂದೆ ಕೂತ ಮಗುವಿಗೆ ಸಣ್ಣ ಸಣ್ಣ ಮನುಷ್ಯರು ಎಲ್ಲೋ ದೂರದಲ್ಲಿ ಏನೋ ಮಾತಾಡುವುದು ಕಾಣುತ್ತದೆ ಅಷ್ಟೇ. ಮೊದಲ ಸಲ ನಾಟಕಕ್ಕೆ ಬಂದವನನ್ನು ಅಲ್ಲಿ ಕೂರಿಸಿದರೆ ಎರಡನೇ ಸಲ ಅವನು ಬರುವುದಿಲ್ಲ. ನಾಟಕದ ರುಚಿ ಈಗಾಗಲೇ ಗೊತ್ತಿರುವ ನಾನು ಬೇಕಾದರೆ ಹಿಂದೆ ಕೂರುತ್ತೇನೆ.

ಲಂಡನ್ನಿನ ನ್ಯಾಷನಲ್ ಥಿಯೇಟರ್ ಅಲ್ಲಿಯ ಸರಕಾರದ ಹಣ ಪಡೆಯುವ ರಂಗಮಂದಿರ. 2003ರಲ್ಲಿ ನಿಕೊಲಸ್ ಹೈಟ್ನರ್ ನಿರ್ದೇಶಕರಾದಾಗ ಅದರ ಅತಿ ದೊಡ್ಡ ಹಾಲಿನಲ್ಲಿ ಮೂರರಲ್ಲಿ ಎರಡು ಪಾಲು ಸೀಟುಗಳನ್ನು 10 ಪೌಂಡಿಗೆ ಇಟ್ಟರು. ಪ್ರಾಯೋಜಕರನ್ನು ಹುಡುಕಿದರು, ಖರ್ಚನ್ನೂ ಕಡಿಮೆ ಮಾಡಿದರು. ಹಾಲಿನ ಅರ್ಧಕ್ಕಿಂತ ಜಾಸ್ತಿ ಅಗ್ಗದ ಸೀಟು ಎಂದ ಮೇಲೆ ಅವೆಲ್ಲ ಹಿಂದಿನ ಮೂಲೆಯಲ್ಲಿ ಇರುವುದು ಸಾಧ್ಯವೇ ಇಲ್ಲವಲ್ಲ! ನನಗೆ ಇಷ್ಟವಾದದ್ದು ಅದೇ. ನಮ್ಮ ಹತ್ತಿರವೂ ಉದಾಹರಣೆ ಇದೆ. ಬೆಂಗಳೂರಿನ ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ತಂಡಗಳಿಗೆ ಕಡಿಮೆ ಬಾಡಿಗೆಗೆ ರಂಗ ಕೊಡುತ್ತ ಬಂದಿದೆ. ನಿಮ್ಮ ಮಹಾರಾಷ್ಟ್ರ ಸರಕಾರವೇ ನಡೆಸುವ ಹವ್ಯಾಸಿ ನಾಟ್ಯ ಸ್ಪರ್ಧೆಯಲ್ಲಿ ಟಿಕೆಟ್ ದರ ನಾಮಮಾತ್ರಕ್ಕೆ ಇರುತ್ತದೆ. ನಾನು ಆ ಸ್ಪರ್ಧೆಯ ಎಷ್ಟೋ ನಾಟಕಗಳನ್ನು ನೋಡಿದ್ದೇನೆ. ಕಾಲೇಜು ಹುಡುಗರು ಜಾಸ್ತಿ ಕಾಣುವುದು ಅಲ್ಲೇ.

ನಮ್ಮ ತಂಡದ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು ಸರಿಯಾದ ಪ್ರಶ್ನೆ ಕೇಳಿದರು. "ಮೂರನೇ ಸಾಲು ನೂರಕ್ಕೆ ಸಿಗುತ್ತದೆ ಎಂದರೆ ನಾನೂರು ಕೊಡುವವರೂ ಅದನ್ನೇ ತಗೊಳ್ತಾರಲ್ಲ?" ತಗೊಳ್ಳುತ್ತಾರೆ, ಕೆಲವರು. ಲೆಕ್ಕಕ್ಕೆ ಒಂದು ಹಾಲ್ ಇಟ್ಟುಕೊಳ್ಳೋಣ. 600 ಸೀಟು. ಎಲ್ಲಕ್ಕೂ 300 ರೂಪಾಯಿ, 250 ಜನ ಬಂದರು. 75,000 ರೂಪಾಯಿ ಆಯಿತು. ಈಗ ದರ ಬೇರೆ ಬೇರೆ ಮಾಡಿ. 300ಕ್ಕೆ ಕೊಳ್ಳುವವರು 250ರಿಂದ 170 ಜನಕ್ಕೆ ಇಳಿಯುತ್ತಾರೆ ಎಂದೇ ಇಟ್ಟುಕೊಳ್ಳಿ, 80 ಜನ ಅಗ್ಗದ್ದಕ್ಕೆ ಜಾರಿದರು. ಅದು 51,000. 150ರ ಸೀಟಿಗೆ 160 ಜನ, 24,000. 100ರ ಸೀಟಿಗೆ 120 ಜನ, 12,000. ಒಟ್ಟು 87,000. ಹಾಲಿನಲ್ಲಿ 450 ಜನ. ಖಾಲಿ ಸೀಟಿನ ಎದುರು ಆಡುವುದಕ್ಕೂ 450 ಜನರ ಎದುರು ಆಡುವುದಕ್ಕೂ ನಟನಿಗೆ ಇರುವ ವ್ಯತ್ಯಾಸ ಬೇರೆಯೇ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಇದು ಕಾಗದದ ಮೇಲಿನ ಲೆಕ್ಕ ಎಂದು ನೀವು ಹೇಳಬಹುದು. ಹೌದು. ನಿಜವಾದ ಲೆಕ್ಕ ನಿಮ್ಮ ಕಪಾಟಿನಲ್ಲಿದೆ. ಯಾವ ಆಟಕ್ಕೆ ಯಾವ ದರದ ಟಿಕೆಟ್ ಎಷ್ಟು ಹೋಯಿತು, ಎಷ್ಟು ಸೀಟು ಖಾಲಿ ಉಳಿಯಿತು ಎಂಬ ಲೆಕ್ಕ ಬುಕಿಂಗ್ ಕಿಟಕಿಯಲ್ಲಿ ಪ್ರತಿ ದಿನ ಸಿಗುತ್ತದೆ. ನಾಟಕದ ಹೆಸರು ಬೇಡ, ತಂಡದ ಹೆಸರೂ ಬೇಡ. ತಿಂಗಳಿಗೊಮ್ಮೆ ಆ ಅಂಕಿಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಸಾಕು. ನನ್ನಂಥ ಲೆಕ್ಕದವರು ಮರಾಠಿ ತಂಡಗಳಲ್ಲೂ ಇದ್ದಾರೆ, ಗುಜರಾತಿ ತಂಡಗಳಲ್ಲೂ ಇದ್ದಾರೆ. ಎಲ್ಲರೂ ಅದನ್ನು ನೋಡಿ ದರ ಇಡುತ್ತಾರೆ. ಈಗ ನಾವು ಕತ್ತಲೆಯಲ್ಲಿ ಕಲ್ಲು ಹೊಡೆಯುತ್ತಿದ್ದೇವೆ.

ಅನುಕೂಲಸ್ಥರು ಅಗ್ಗದ ಸೀಟು ಬಾಚಿಕೊಳ್ಳದ ಹಾಗೆ ಮಾಡಲು ದಾರಿಯೂ ಇದೆ. ಆ ಸೀಟುಗಳಲ್ಲಿ ಅರ್ಧವನ್ನು ಆಟದ ದಿನವೇ, ಕಿಟಕಿಯಲ್ಲೇ ಮಾರಿ. ವಾರದ ಮೊದಲೇ ಫೋನಿನಲ್ಲಿ ಬುಕ್ ಮಾಡುವವರು ಖಚಿತವಾದ ಸೀಟಿಗೆ ಜಾಸ್ತಿ ಕೊಡುತ್ತಾರೆ. ಸಾಲಿನಲ್ಲಿ ನಿಲ್ಲಲು ತಯಾರಿರುವವರಿಗೆ ಅಗ್ಗದ್ದು ಸಿಗುತ್ತದೆ. ದಯವಿಟ್ಟು ರೇಷನ್ ಕಾರ್ಡ್ ತೋರಿಸಿ, ಆದಾಯದ ದಾಖಲೆ ತೋರಿಸಿ ಎಂದು ಮಾತ್ರ ಹೇಳಬೇಡಿ. ಮಕ್ಕಳ ಎದುರು ಬಡತನದ ಕಾಗದ ತೋರಿಸಿ ನಾಟಕ ನೋಡಲು ಯಾರೂ ಬರುವುದಿಲ್ಲ. ಟಿಕೆಟ್ಟಿನ ಬಣ್ಣವೂ ಒಂದೇ ಇರಲಿ. ಅದರ ಮೇಲೆ ರಿಯಾಯಿತಿ ಎಂದು ಛಾಪಿಸಬೇಡಿ.

ಫೋನಿನ ಬುಕಿಂಗ್ ವಿಷಯವೂ ಇದೆ. ಅಲ್ಲಿ ಟಿಕೆಟ್ಟಿನ ಮೇಲೆ ಸೇವಾ ಶುಲ್ಕ ಎಂದು ಸೇರಿಸುತ್ತಾರೆ. 500ರ ಟಿಕೆಟ್ಟಿಗೆ 30 ರೂಪಾಯಿ ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. 100ರ ಟಿಕೆಟ್ಟಿಗೆ ಅದೇ 30 ಸೇರಿದರೆ ಸುಮಾರು ಮೂರನೇ ಒಂದು ಪಾಲು ಜಾಸ್ತಿಯಾಯಿತು. ನಾಟ್ಯಗೃಹದ ಕಿಟಕಿ ಬೆಳಿಗ್ಗೆಯಿಂದ ರಾತ್ರಿವರೆಗೆ ತೆರೆದಿರಲಿ. ಯುಪಿಐಯಲ್ಲಿ ದುಡ್ಡು ಕಟ್ಟುವಂತಿರಲಿ. ಶುಲ್ಕ ಇಲ್ಲದಿರಲಿ. ಎರಡನೇ ಬೆಲ್ ಆದ ಮೇಲೂ ಕಾಯ್ದಿರಿಸಿದ ಸೀಟು ಖಾಲಿ ಇದ್ದರೆ ಹೊರಗೆ ನಿಂತವರಿಗೆ ಅರ್ಧ ದರಕ್ಕೆ ಕೊಡುವ ಅಧಿಕಾರ ಕಿಟಕಿಯವರಿಗೆ ಇರಲಿ. ನ್ಯೂಯಾರ್ಕಿನಲ್ಲಿ ಅವತ್ತಿನ ಆಟದ ಉಳಿದ ಟಿಕೆಟ್ ಕಡಿಮೆ ದರಕ್ಕೆ ಮಾರುವ ಕಟ್ಟೆ 1973ರಿಂದಲೂ ಇದೆ. ಪರದೆ ಎದ್ದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಅದನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ. ಹೋಟೆಲಿನಲ್ಲಿ ಉಳಿದ ಇಡ್ಲಿಯನ್ನಾದರೂ ಮರುದಿನ ಉಪ್ಪಿಟ್ಟು ಮಾಡಬಹುದು.

ಟಿಕೆಟ್ ದರವನ್ನು ನೋಡಿ ತೆರಿಗೆ ಬಿಡುವ ಪದ್ಧತಿ ದೇಶದಲ್ಲಿ ಆಗಲೇ ಇದೆ. 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಮೊದಲು ಈ ಗೆರೆ 250ರಲ್ಲಿತ್ತು, 2018ರ ಜನವರಿಯಲ್ಲಿ 500ಕ್ಕೆ ಏರಿಸಿದರು. ಗೆರೆ ಎಲ್ಲಿದೆಯೋ ದರವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಪತ್ರಿಕೆಯಲ್ಲಿ ನಾಟಕದ ಜಾಹೀರಾತು ನೋಡಿ, ದೊಡ್ಡ ಟಿಕೆಟ್ 500 ಎಂದು ಎಷ್ಟು ಸಲ ಕಾಣುತ್ತದೆ! ಮೇಲಿನ ಗೆರೆಯನ್ನು ಕೇಂದ್ರ ಎಳೆದಿದೆ. ಕೆಳಗಿನ ಗೆರೆಯನ್ನು ನೀವು ಎಳೆಯಿರಿ.

ಇನ್ನು ನಮ್ಮವರಿಗೆ. ಮುಂಬಯಿಯ ಕನ್ನಡ ಸಂಘಗಳ ಹಿರಿಯರೇ, ನಾವು ಈವರೆಗೆ ಮಾಡಿದ ನಾಟಕಗಳಲ್ಲಿ ಹೆಚ್ಚಿನವು ಪುಕ್ಕಟೆ. ದಾನಿಗಳ ದುಡ್ಡು, ಸ್ಮರಣ ಸಂಚಿಕೆಯ ಜಾಹೀರಾತು, ಪಾಸುಗಳ ಕಟ್ಟು. ಪ್ರವೇಶ ಉಚಿತ, ಎಲ್ಲರಿಗೂ ಸ್ವಾಗತ ಎಂದು ಬರೆಯುತ್ತೇವೆ. ಮನಸ್ಸು ಒಳ್ಳೆಯದೇ. ಆದರೆ ಪಾಸು ಯಾರ ಕೈಗೆ ಹೋಗುತ್ತದೆ? ನಮಗೆ ಪರಿಚಯ ಇರುವವರ ಕೈಗೆ. ಸಂಘದ ಸದಸ್ಯರು, ದಾನಿಗಳ ಬಳಗ, ಸಮಿತಿಯವರ ನೆಂಟರು. ದೋಸೆ ಹುಯ್ಯುವವರಿಗೆ ಪಾಸು ತಲುಪಿಸಿದವರು ಯಾರಿದ್ದಾರೆ? ಒಂದು ಸಲ ನಾವು ಹಾಲಿನ ಸೀಟಿಗಿಂತ ಜಾಸ್ತಿ ಪಾಸು ಹಂಚಿದ್ದೆವು. ಆಟದ ದಿನ ಮಳೆ ಬಂತು. ಬಂದವರು ನಾಲ್ಕು ಸಾಲು. ದುಡ್ಡು ಕೊಟ್ಟವನು ಮಳೆಯಲ್ಲೂ ಛತ್ರಿ ಹಿಡಿದು ಬರುತ್ತಾನೆ. 50 ರೂಪಾಯಿಯೇ ಆಗಲಿ, ಟಿಕೆಟ್ ಕೊಂಡವನಿಗೆ ಆ ಸೀಟು ತನ್ನದು. ನಾಟಕ ಚೆನ್ನಾಗಿಲ್ಲದಿದ್ದರೆ ಬೈಯುವ ಹಕ್ಕೂ ಅವನಿಗೆ ಇದೆ. ಪಾಸಿನಲ್ಲಿ ಬಂದವರು ನಮ್ಮನ್ನು ಬೈದದ್ದು ನನಗೆ ನೆನಪೇ ಇಲ್ಲ. ಅದರಿಂದ ನಮ್ಮ ನಾಟಕಕ್ಕೆ ಒಳ್ಳೆಯದೇನೂ ಆಗಿಲ್ಲ. ಹಾಗಾಗಿ ಪುಕ್ಕಟೆ ಬೇಡ. ಕಡಿಮೆ ದರ ಇಟ್ಟು, ಎಲ್ಲರಿಗೂ ಕಾಣುವ ಹಾಗೆ ಕಿಟಕಿಯಲ್ಲಿ ಮಾರೋಣ.

ದರ ಇಳಿಸಿದರೆ ಎಲ್ಲ ಆಯಿತು ಎಂದೂ ನಾನು ಹೇಳುವುದಿಲ್ಲ. ಫ್ರಾನ್ಸಿನಲ್ಲಿ ಜಾನ್ ವಿಲಾರ್ ಎಂಬ ನಟ, ನಿರ್ದೇಶಕರಿದ್ದರು. 1951ರಲ್ಲಿ ಪ್ಯಾರಿಸ್ಸಿನ ಸರಕಾರಿ ಜನತಾ ರಂಗಭೂಮಿಯ ಹೊಣೆ ಅವರಿಗೆ ಬಂತು. ಟಿಕೆಟ್ ದರ ಇಳಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕೋಟು ಇಡಲು ಕೊಡಬೇಕಿದ್ದ ದುಡ್ಡು, ಸೀಟು ತೋರಿಸುವವರಿಗೆ ಕೊಡಬೇಕಿದ್ದ ಟಿಪ್ಸು, ಎರಡನ್ನೂ ತೆಗೆದರು. ಆಟವನ್ನು ಬೇಗ ಶುರು ಮಾಡಿದರು, ಊರ ಹೊರಗಿನ ಕೆಲಸಗಾರರು ರಾತ್ರಿ ಮನೆ ಸೇರಬೇಕಲ್ಲ ಎಂದು. ಇದನ್ನು ಓದಿದಾಗ ನನಗೆ ನಮ್ಮ ಸೆಂಟ್ರಲ್ ಲೈನಿನ ಲೋಕಲ್ ರೈಲೇ ಕಣ್ಣ ಮುಂದೆ ಬಂತು. ರಾತ್ರಿ ಎಂಟೂವರೆಗೆ ಶುರುವಾಗುವ ನಾಟಕ ಮುಗಿಯುವುದು ಹನ್ನೊಂದೂವರೆಗೆ. ಆಮೇಲೆ ಆಟೋ, ಲೋಕಲ್, ಮತ್ತೆ ಆಟೋ. ಅಂಬರನಾಥ, ಬದ್ಲಾಪುರದವರು ಕೊನೆಯ ದೃಶ್ಯ ಬಿಟ್ಟು ಎದ್ದು ಹೋಗುವುದನ್ನು ರಂಗದ ಮೇಲಿಂದ ಎಷ್ಟು ಸಲ ನೋಡಿದ್ದೇವೆ. ತಡವಾದರೆ ಲೋಕಲ್ ತಪ್ಪುತ್ತದೆ, ಆಟೋದವನು ಕೇಳುವ ದುಡ್ಡು ಟಿಕೆಟ್ಟಿಗಿಂತ ಜಾಸ್ತಿಯಾಗುತ್ತದೆ. ಮನೆಯಿಂದ ಹೊರಟು ಮನೆ ಸೇರುವವರೆಗಿನ ಖರ್ಚೆಲ್ಲ ನಾಟಕದ ಖರ್ಚೇ ಅಲ್ವಾ?

ನಾಟ್ಯಗೃಹ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಹೊತ್ತು ಬಾಡಿಗೆಗೆ ಹೋಗುತ್ತದೆ. ಭಾನುವಾರಕ್ಕೆ ಎಲ್ಲರ ಕಣ್ಣು. ವಾರದ ನಡುವಿನ ದಿನಗಳನ್ನು ಕೇಳುವವರು ಕಡಿಮೆ. ಆದರೆ ಭಾನುವಾರ ರಜೆ ಇಲ್ಲದ ಊರು ಇದು. ಹೋಟೆಲಿನವರು, ಅಂಗಡಿಯವರು, ಆಸ್ಪತ್ರೆಯ ಕೆಲಸದವರು, ಸೆಕ್ಯುರಿಟಿಯವರು ಭಾನುವಾರ ದುಡಿಯುತ್ತಾರೆ. ಅವರಿಗೆ ಸೋಮವಾರವೋ ಬುಧವಾರವೋ ರಜೆ. ಆ ದಿನಗಳ ಸಂಜೆಯ ಹೊತ್ತನ್ನು ಅಗ್ಗದ ಟಿಕೆಟ್ ಇಡುವ ತಂಡಗಳಿಗೆ ಅರ್ಧ ಬಾಡಿಗೆಗೆ ಕೊಡಿ. ಆರೂವರೆಗೆ ಶುರು ಮಾಡಿ ಒಂಬತ್ತಕ್ಕೆ ಮುಗಿಸುತ್ತೇವೆ.

ಇನ್ನೊಂದು ವಿಷಯ ಹೇಳಲು ಸ್ವಲ್ಪ ಹಿಂಜರಿಕೆ ಇದೆ, ಆದರೂ ಹೇಳುತ್ತೇನೆ. ನಮಗೆ ಸಿಕ್ಕ ದರಪಟ್ಟಿಯಲ್ಲಿ ಮರಾಠಿ ನಾಟಕಕ್ಕೆ ಒಂದು ಬಾಡಿಗೆ, ಬೇರೆ ಭಾಷೆಗೆ ಅದಕ್ಕಿಂತ ಜಾಸ್ತಿ ಇತ್ತು. ಮರಾಠಿಗೆ ರಿಯಾಯಿತಿ ಸಿಗಲೇಬೇಕು. ಇದು ಅವರ ನೆಲ. ಅವರ ರಂಗಭೂಮಿ ನಮಗೆ ಕಲಿಸಿದ್ದಕ್ಕೆ ಲೆಕ್ಕವಿಲ್ಲ. ನಾನು ಕೇಳುವುದು ಬೇರೆ. ಮೂರನೇ ಸಾಲನ್ನು 100 ರೂಪಾಯಿಗೆ ಕೊಡುವ ಸಣ್ಣ ತಂಡ ಯಾವ ಭಾಷೆಯದಾದರೂ ಅದಕ್ಕೆ ಸಣ್ಣ ತಂಡದ ದರ ಸಿಗಲಿ. ಕನ್ನಡಕ್ಕೆ, ತುಳುವಿಗೆ, ತಮಿಳಿಗೆ, ಭೋಜ್‌ಪುರಿಗೆ.

ಇದನ್ನು ಕೇಳುವ ಧೈರ್ಯ ನನಗೆ ಬಂದದ್ದು ವಾಶಿಯ ವಿಷ್ಣುದಾಸ್ ಭಾವೆ ನಾಟ್ಯಗೃಹದ ಹೆಸರಿನಿಂದ. ಹೊನ್ನಾವರದ ಹತ್ತಿರದ ಕರ್ಕಿಯ ಯಕ್ಷಗಾನದವರು ಸಾಂಗ್ಲಿಗೆ ಹೋಗಿ ಆಡಿದರು. ಅಲ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಅದನ್ನು ನೋಡಿ, ಮರಾಠಿಯಲ್ಲೂ ಇಂಥದ್ದು ಬೇಕು ಎಂದು ವಿಷ್ಣುದಾಸ್ ಭಾವೆಯವರಿಗೆ ಹೇಳಿದರು. 1843ರಲ್ಲಿ ಭಾವೆಯವರು ಸೀತಾ ಸ್ವಯಂವರ ಆಡಿದರು. ಮರಾಠಿ ರಂಗಭೂಮಿ ತನ್ನ ಶುರುವಾತನ್ನು ಅಲ್ಲಿಂದಲೇ ಎಣಿಸುತ್ತದೆ. ಆ ನಾಟಕಕ್ಕೆ ದುಡ್ಡು ದೊರೆಯದು. 1851ರಲ್ಲಿ ದೊರೆ ತೀರಿಕೊಂಡ ಮೇಲೆ ಆಸರೆ ಹೋಯಿತು. ಭಾವೆಯವರು ತಂಡ ಕಟ್ಟಿಕೊಂಡು ಊರೂರು ತಿರುಗಬೇಕಾಯಿತು. 1853ರಲ್ಲಿ ಮುಂಬಯಿಗೆ ಬಂದು ಟಿಕೆಟ್ ಇಟ್ಟು ಆಡಿದರು. ಆಸರೆ ತಪ್ಪಿದ ಕೂಡಲೇ ಟಿಕೆಟ್ ಬಂದದ್ದನ್ನು ಮರಾಠಿ ರಂಗಭೂಮಿ ತನ್ನ ಮೊದಲ ಹತ್ತು ವರ್ಷದಲ್ಲೇ ಕಂಡಿದೆ. ಈಗ ಆ ದೊರೆಯ ಜಾಗದಲ್ಲಿ ಪಾಲಿಕೆ ಇದೆ. ಆಸರೆ ಕೊಡುವ ಕೈ ನಿಮ್ಮದು.

ಎಲ್ಲ ನಾಟ್ಯಗೃಹಗಳಲ್ಲೂ ನಾಳೆಯೇ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಒಂದೇ ಒಂದು ನಾಟ್ಯಗೃಹ ಆರಿಸಿ. ಆರು ತಿಂಗಳು ನೋಡಿ. ಬಾಡಿಗೆಯಲ್ಲಿ ಎಷ್ಟು ಬಿಟ್ಟಿರಿ, ಸೀಟು ಎಷ್ಟು ತುಂಬಿತು, ಎಷ್ಟು ಹೊಸ ಮುಖ ಬಂತು ಎಂದು ಬರೆದಿಡಿ. ಬರೆದಿಡಲು ಜನ ಬೇಕಾದರೆ ನಾನು ಬರುತ್ತೇನೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಮಾಡಿದ ಕೆಲಸ ಅದೇ. ಸಂಬಳ ಬೇಡ.

ನಮ್ಮ ಪಾಲಿನದನ್ನು ನಾವು ಶುರು ಮಾಡಿದ್ದೇವೆ. ಮುಂದಿನ ನಾಟಕಕ್ಕೆ ಮೂರನೇ, ನಾಲ್ಕನೇ ಸಾಲಿನ ಎಲ್ಲ ಸೀಟು 100 ರೂಪಾಯಿ ಎಂದು ತಂಡದಲ್ಲಿ ಒಪ್ಪಿಗೆಯಾಗಿದೆ. ಈ ಸಲದ ದರಪಟ್ಟಿಯನ್ನು ಹಾಗೇ ಬರೆದು ಕೊಡುತ್ತೇವೆ. ಬಾಡಿಗೆ ಇಳಿಯದಿದ್ದರೂ ಇಷ್ಟು ಮಾಡುತ್ತೇವೆ, ಇಳಿದರೆ ಹತ್ತು ಸಾಲು ಮಾಡುತ್ತೇವೆ. ಆ ದೋಸೆಯವರ ಹೋಟೆಲ್ ನನಗೆ ಗೊತ್ತು. ಮೊನ್ನೆ ಹೋಗಿ ಯಾವಾಗ ರಜೆ ಎಂದು ಕೇಳಿ ಬಂದೆ. ಸೋಮವಾರವಂತೆ. ಬರುವ ತಿಂಗಳುಗಳಲ್ಲಿ ಯಾವ ಸೋಮವಾರವಾದರೂ ಸರಿ, ಸಂಜೆಯ ಹೊತ್ತು ಖಾಲಿ ಇದ್ದರೆ ನಮ್ಮ ತಂಡದ ಹೆಸರಿಗೆ ಬರೆದುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ನಿಮ್ಮ ವಿಶ್ವಾಸಿ,
ಡೊಂಬಿವಲಿಯ ಹವ್ಯಾಸಿ ನಾಟಕ ತಂಡವೊಂದರ ಲೆಕ್ಕಪತ್ರ ನೋಡುವವನು